ಹಾಡುವಾಗ ನಡೆಯಿರಿ, ಮೊಣಕಾಲೂರಿದಾಗ ಕ್ಯಾಮೆರಾ ಇಳಿಸಿ: ಚರ್ಚ್ ಪೂಜೆಯಲ್ಲಿ ಫೋಟೋ ತೆಗೆಯುವವರಿಗೆ

ಹಾಸನದ ಕಡೆ ಫೋಟೋ ಕೆಲಸ ಮಾಡುವ ನಮ್ಮಲ್ಲಿ ಬಹಳ ಜನ ಕ್ಯಾಮೆರಾ ಹಿಡಿದು ಮೊದಲು ಒಳಗೆ ಹೋದ ಚರ್ಚ್ ಶೆಟ್ಟಿಹಳ್ಳಿಯದು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು ಅದು. ಗೊರೂರು ಅಣೆಕಟ್ಟು ಬಂದ ಮೇಲೆ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಆ ಪಾಳು ಗೋಡೆಗಳ ನಡುವೆ ಪೂಜೆ ನಿಂತು ದಶಕಗಳಾದವು. ಅಲ್ಲಿ ಜೋಡಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ನಾವೂ ಎಲ್ಲಿ ಬೇಕಾದರೂ ನಿಲ್ಲಬಹುದು. ಅದೇ ಅಭ್ಯಾಸ ಹೊತ್ತುಕೊಂಡು, ಪೂಜೆ ನಡೆಯುವ ಚರ್ಚ್‌ಗೆ ಕಾಲಿಟ್ಟರೆ ಎಡವಟ್ಟು ಖಂಡಿತ.

ನನಗೆ ಆಗಿದ್ದೂ ಅದೇ. ಕಾಫಿ ತೋಟಗಳ ನಡುವಿನ ಒಂದು ಚರ್ಚ್, ಜುಲೈ ತಿಂಗಳ ಮದುವೆ, ಹೊರಗೆ ಜಡಿಮಳೆ. ನಾನು ಕೆಲಸಕ್ಕೆ ಹೊಸಬ. ಪೂಜೆಯ ನಡುವೆ ಎಲ್ಲರೂ ಮೊಣಕಾಲೂರಿದರು, ಹಾಡು ನಿಂತಿತು, ಸಣ್ಣ ಗಂಟೆ ಅಲ್ಲಾಡಿತು, ಫಾದರ್ ಎರಡೂ ಕೈಯಲ್ಲಿ ಬಿಳಿ ಅಪ್ಪವನ್ನು ಮೇಲೆತ್ತಿದರು. ಎಂಥ ಚಿತ್ರ ಅನ್ನಿಸಿ ಗುಂಡಿ ಒತ್ತಿದೆ. ಫ್ಲ್ಯಾಶ್ ಆನ್ ಆಗೇ ಇತ್ತು. ಎರಡನೇ ಬೆಂಚಿನಲ್ಲಿ ಕಣ್ಣು ಮುಚ್ಚಿದ್ದ ಅಜ್ಜಿಯೊಬ್ಬರು ಬೆಚ್ಚಿಬಿದ್ದರು, ಕೈಯಲ್ಲಿದ್ದ ಜಪಮಾಲೆ ಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಆ ಮೌನದಲ್ಲಿ ಮಣಿ ಉರುಳಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರೂ ಬೈಯಲಿಲ್ಲ. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಕರೆದು, "ತಮ್ಮಾ, ಮುಂದಿನ ಸಲ ಒಂದು ದಿನ ಮುಂಚೆ ಬನ್ನಿ, ಏನೇನು ನಡೆಯುತ್ತೆ ಅಂತ ನಾನೇ ಹೇಳಿಕೊಡ್ತೀನಿ" ಅಂದರು. ಹೋದೆ. ಅಂದು ಅವರು ಹೇಳಿದ್ದನ್ನು, ಆಮೇಲೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಚರ್ಚ್‌ಗಳಲ್ಲಿ ನಿಂತು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ಟುಡಿಯೋದವರಿಗಷ್ಟೇ ಅಲ್ಲ, ಅಕ್ಕನ ಮದುವೆಗೆ ಮೊಬೈಲ್ ಎತ್ತುವ ತಮ್ಮನಿಗೂ ಇದು ಅನ್ವಯಿಸುತ್ತದೆ.

ಮೊದಲು ಕೇಳಿ, ಕೇಳಬೇಕಾದವರನ್ನೇ ಕೇಳಿ

ಮದುವೆ ಮನೆಯವರು "ಎಲ್ಲಾ ತೆಗೀರಿ, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಅದು ಅನುಮತಿ ಅಲ್ಲ. ಚರ್ಚ್‌ನೊಳಗೆ ಏನು ನಡೆಯಬೇಕು ಅನ್ನುವುದು ಅಲ್ಲಿನ ಗುರುಗಳಿಗೆ ಬಿಟ್ಟದ್ದು. ಕಥೋಲಿಕರಲ್ಲಿ ಇದು ಬಾಯಿಮಾತಿನ ಸಂಪ್ರದಾಯವಷ್ಟೇ ಅಲ್ಲ, ಬರಹದಲ್ಲೂ ಇದೆ. 1967ರಲ್ಲಿ ರೋಮ್‌ನಿಂದ ಬಂದ, ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿ ಹಂಚುವ ಅಪ್ಪ) ಆರಾಧನೆ ಕುರಿತ ಸೂಚನೆಯಲ್ಲಿ ಫೋಟೋ ತೆಗೆಯುವವರಿಂದ ಪೂಜೆಗೆ ಅಡ್ಡಿಯಾಗಬಾರದು, ತೆಗೆಯಲು ತಕ್ಕ ಕಾರಣವಿದ್ದರೂ ಬಹಳ ಸಂಯಮದಿಂದ ತೆಗೆಯಬೇಕು, ಸ್ಥಳೀಯ ಧರ್ಮಾಧ್ಯಕ್ಷರ (ಬಿಷಪ್) ನಿಯಮ ಪಾಲಿಸಬೇಕು ಎಂದಿದೆ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸೇರುವುದು 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ. ಹಾಗಾಗಿ ಚಿಕ್ಕಮಗಳೂರು ಪಟ್ಟಣದ ಸಂತ ಜೋಸೆಫರ ಪ್ರಧಾನಾಲಯವಾಗಲಿ, ಸಕಲೇಶಪುರದ ಕಡೆಯ ಸಣ್ಣ ಚರ್ಚ್ ಆಗಲಿ, ಧರ್ಮಾಧ್ಯಕ್ಷರು ಒಬ್ಬರೇ. ಆದರೂ ಒಂದೊಂದು ಚರ್ಚ್‌ನ ಕಟ್ಟಡ, ಬೆಂಚು, ವಾಡಿಕೆ ಬೇರೆ ಬೇರೆ. ಒಬ್ಬ ಫಾದರ್ ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆ, ಇನ್ನೊಬ್ಬರು ಹಿಂದಿನ ಬಾಗಿಲಿನಿಂದ ಮುಂದೆ ಬರುವುದೇ ಬೇಡ ಅನ್ನುತ್ತಾರೆ. ಇಬ್ಬರ ಮಾತೂ ಅವರವರ ಚರ್ಚ್‌ನಲ್ಲಿ ಕೊನೆಯ ಮಾತು.

ಹೋಗುವ ಹೊತ್ತೂ ಮುಖ್ಯ. ಭಾನುವಾರ ಪೂಜೆಗೆ ಹತ್ತು ನಿಮಿಷ ಇರುವಾಗ, ಅವರು ಉಡುಪು ಧರಿಸುತ್ತಿರುವಾಗ ಬಾಗಿಲು ತಟ್ಟಬೇಡಿ. ವಾರದ ನಡುವೆ ಚರ್ಚ್ ಕಚೇರಿಗೆ ಹೋಗಿ. ಫಾದರ್ ಸಿಗದಿದ್ದರೆ ಧರ್ಮಪಾಠ ಹೇಳಿಕೊಡುವ ಉಪದೇಶಿಯವರನ್ನೋ ಸಿಸ್ಟರ್‌ರನ್ನೋ ಕಂಡು ಸಮಯ ಕೇಳಿ. ಕೂತಾಗ ಕೇಳಬೇಕಾದ್ದು ಇಷ್ಟು: ನಾನು ಎಲ್ಲಿ ನಿಲ್ಲಬಹುದು, ಯಾವ ಗೆರೆ ದಾಟಬಾರದು, ಫ್ಲ್ಯಾಶ್ ಒಪ್ಪಿಗೆಯೇ, ಯಾವ ಭಾಗ ತೆಗೆಯಲೇಬಾರದು, ವಿಡಿಯೋದವರು ಎಷ್ಟು ಜನ ಇರಬಹುದು, ಗುಂಪು ಫೋಟೋ ಎಲ್ಲಿ, ಚರ್ಚ್ ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು. ಇದರಲ್ಲಿ ಒಂದನ್ನು ಬಿಟ್ಟರೂ ಮಾರನೇ ದಿನ ಪೂಜೆಯ ನಡುವೆ ಕಣ್ಸನ್ನೆಯಲ್ಲಿ ಕೇಳಬೇಕಾಗುತ್ತದೆ. ಒಂದು ಮದುವೆಗೆ ಎರಡು ಸ್ಟುಡಿಯೋ ಬರುವುದು ಈಗ ಮಾಮೂಲು. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಸೇರಿ ಆರು ಜನ ಮುಂದೆ ನಿಂತರೆ ಹಿಂದಿನವರಿಗೆ ಕಾಣುವುದು ಬರೀ ಕಪ್ಪು ಅಂಗಿಯ ಬೆನ್ನುಗಳು. ಎರಡು ಕಡೆಯವರೂ ಮೊದಲೇ ಮಾತಾಡಿಕೊಂಡು, ಒಳಗೆ ಒಬ್ಬ ಫೋಟೋದವರು, ಒಬ್ಬ ವಿಡಿಯೋದವರು ಅಂತ ಮಾಡಿಕೊಳ್ಳಿ. ಚಿತ್ರಗಳನ್ನು ಆಮೇಲೆ ಹಂಚಿಕೊಳ್ಳಬಹುದು.

ಹಿಂದಿನ ದಿನ, ಅದೇ ಹೊತ್ತಿಗೆ

ಪೂಜೆ ಬೆಳಿಗ್ಗೆ ಹತ್ತೂವರೆಗೆ ಇದ್ದರೆ ಹಿಂದಿನ ದಿನ ಹತ್ತೂವರೆಗೇ ಹೋಗಿ ಒಳಗೆ ಐದು ನಿಮಿಷ ಕೂತು ನೋಡಿ. ಕಿಟಕಿ ಯಾವ ಕಡೆ, ಬಿಸಿಲು ಎಲ್ಲಿ ಬೀಳುತ್ತದೆ, ಬಲಿಪೀಠದ (ಫಾದರ್ ಪೂಜೆ ಅರ್ಪಿಸುವ ಮೇಜು) ಹಿಂದೆ ಗಾಜು ಇದೆಯೇ ಅನ್ನುವುದೆಲ್ಲ ತಿಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನಡುಹಗಲಲ್ಲೂ ಒಳಗೆ ಮಬ್ಬು. ಅಂಥಲ್ಲಿ ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಇಟ್ಟುಕೊಳ್ಳಲು ಹಿಂಜರಿಯಬೇಡಿ. ಹೆಚ್ಚು ಬೆಳಕು ಒಳಬಿಡುವ, ಎಫ್ 1.8 ಇರುವ 50 ಎಂಎಂ ಲೆನ್ಸ್ ಬೆಲೆಗೆ ಅಗ್ಗ, ಈ ಕೆಲಸಕ್ಕೆ ಚಿನ್ನ. ದೂರ ನಿಲ್ಲಬೇಕಾದಾಗ ಎಫ್ 2.8ರ 70-200 ಎಂಎಂ ಲೆನ್ಸ್. ಶಟರ್ 1/125ಕ್ಕಿಂತ ಕೆಳಗಿಳಿದರೆ ಉಂಗುರ ತೊಡಿಸುವ ಬೆರಳು ಅಲುಗಿ ಮಸುಕಾಗುತ್ತದೆ. ಕಾಳು ಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಫ್ಲ್ಯಾಶ್ ಹೊಡೆದು ಕೆಡಿಸಿದ ಪ್ರಾರ್ಥನೆಯನ್ನು ತಿದ್ದಲಾಗದು.

ಇನ್ನು ಸದ್ದು. ಕ್ಯಾಮೆರಾದ ಬೀಪ್ ಆಫ್ ಮಾಡಿ. ಕತ್ತಲಲ್ಲಿ ಫೋಕಸ್‌ಗೆಂದು ಮುಂದಿನವರ ಮುಖಕ್ಕೆ ಬೀಳುವ ಆ ಕಿತ್ತಳೆ ಬಣ್ಣದ ಬೆಳಕು ಇದೆಯಲ್ಲ, ಅದನ್ನೂ ಆಫ್ ಮಾಡಿ. ಬಹಳ ಜನ ಇದನ್ನು ಮರೆಯುತ್ತಾರೆ. ಮಿರರ್‌ಲೆಸ್ ಇದ್ದರೆ ಸದ್ದಿಲ್ಲದ ಶಟರ್ ಬಳಸಬಹುದು. ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. ಅದಕ್ಕೇ ಹಿಂದಿನ ದಿನ ದೀಪ ಹಾಕಿಸಿ ಹತ್ತು ಚಿತ್ರ ತೆಗೆದು ನೋಡಿ ಅನ್ನುವುದು. ಹಳೇ ಕ್ಯಾಮೆರಾ ಇದ್ದವರು ಒಂದೊಂದೇ ಚಿತ್ರ ತೆಗೆಯಿರಿ. ಟಕಟಕ ಅಂತ ಹತ್ತು ಸಲ ಬಡಿಯುವುದು ಮಂಟಪದಲ್ಲಿ ನಾದಸ್ವರದ ನಡುವೆ ಕೇಳುವುದಿಲ್ಲ, ಚರ್ಚ್‌ನಲ್ಲಿ ಕೊನೆಯ ಬೆಂಚಿಗೂ ಕೇಳುತ್ತದೆ. ಮಳೆಯಿಂದ ನೇರ ಒಳಗೆ ಬಂದರೆ ಲೆನ್ಸ್ ಮೇಲೆ ಮಂಜು ಕೂರುವುದುಂಟು, ಕಾಲು ಗಂಟೆ ಮುಂಚೆ ಬಂದು ಬ್ಯಾಗಿನಿಂದ ಹೊರಗೆ ತೆಗೆದಿಡಿ.

ಫೋನಿನವರಿಗೂ ಒಂದು ಮಾತು: ಮೊಬೈಲ್ ಫ್ಲ್ಯಾಶ್ ಬೆಳಕು ಕೆಲವು ಅಡಿಗಳಾಚೆ ಸಾಲುವುದಿಲ್ಲ. ಹಿಂದಿನ ಬೆಂಚಿನಿಂದ ಹೊಡೆದರೆ ಬಲಿಪೀಠ ಬೆಳಗುವುದಿಲ್ಲ, ಮುಂದೆ ಕೂತವರ ತಲೆ ಮಾತ್ರ ಬಿಳಿಚಿಕೊಳ್ಳುತ್ತದೆ.

ಒಳಗೆ ಕಾಲಿಡುವಾಗ

ಬಾಗಿಲ ಬಳಿ ಚಪ್ಪಲಿ ಸಾಲಿದೆಯೇ ನೋಡಿ. ನಮ್ಮ ಹಳ್ಳಿ ಚರ್ಚ್‌ಗಳಲ್ಲಿ ಬರಿಗಾಲಲ್ಲಿ ಒಳಗೆ ಹೋಗುವುದನ್ನು ಕಂಡಿದ್ದೇನೆ. ಶೂ ಹಾಕಿಕೊಂಡು ಒಳಗೆ ಹೋದ ಫೋಟೋಗ್ರಾಫರ್ ಅಲ್ಲಿ ಎದ್ದು ಕಾಣುತ್ತಾನೆ. ಪಾದರಕ್ಷೆ ಬಿಡುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಎಣ್ಣೆದೀಪ, ಆರತಿ ಇವೆಲ್ಲಕ್ಕೂ 1969ರಲ್ಲೇ ಭಾರತದ ಕಥೋಲಿಕರಿಗೆ ರೋಮ್‌ನಿಂದ ಒಪ್ಪಿಗೆ ಸಿಕ್ಕಿದೆ. ಹಾಗಾಗಿ ಆರತಿ ಎತ್ತುವ ಪೂಜೆಯೂ ನಿಮಗೆ ಸಿಗಬಹುದು. ಆ ದೀಪದ ಬೆಳಕೇ ಸಾಕಾಗುವಷ್ಟು ಚೆಂದ, ಮೇಲೆ ಇನ್ನೊಂದು ಲೈಟ್ ಬೇಡ.

ಬಲಿಪೀಠದ ಹತ್ತಿರ ಸದಾ ಉರಿಯುವ ಒಂದು ಕೆಂಪು ದೀಪ ಕಾಣುತ್ತದೆ. ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಪರಮಪ್ರಸಾದ ಇದೆ ಅನ್ನುವ ಗುರುತು ಅದು. ಜನ ಮೊಣಕಾಲು ಮಡಚಿಯೋ ಕೈಮುಗಿದೋ ವಂದಿಸುವುದು ಅದಕ್ಕೆ. ನೀವು ಕ್ರೈಸ್ತರಲ್ಲದಿದ್ದರೂ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತು ತಲೆ ಬಾಗಿಸಿ. ಬಲಿಪೀಠದ ಮೆಟ್ಟಿಲು ಹತ್ತಬೇಡಿ, ಅದರ ಮೇಲೆ ಲೆನ್ಸ್ ಮುಚ್ಚಳ, ಬ್ಯಾಟರಿ, ನೀರಿನ ಬಾಟಲಿ ಇಡಬೇಡಿ. ದೇವಸ್ಥಾನದ ಗರ್ಭಗುಡಿಯ ಹೊಸ್ತಿಲಲ್ಲಿ ನಾವು ಹೇಗೆ ನಿಲ್ಲುತ್ತೇವೋ ಹಾಗೆ.

ಪೂಜೆಯ ನಡೆ, ನಿಮ್ಮ ನಡೆ

ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಪೂಜೆಯಲ್ಲಿ ಜನ ಏಳುತ್ತಾರೆ, ಕೂರುತ್ತಾರೆ, ಮೊಣಕಾಲೂರುತ್ತಾರೆ, ಹಾಡುತ್ತಾರೆ, ಸುಮ್ಮನಾಗುತ್ತಾರೆ. ಜನ ಎದ್ದು ಹಾಡುವಾಗ ನೀವು ಜಾಗ ಬದಲಿಸಿದರೆ ಯಾರ ಗಮನವೂ ಕದಲುವುದಿಲ್ಲ. ಕೂತು ಕೇಳುವಾಗ ನೀವೊಬ್ಬರು ನಡೆದರೆ ನೂರು ಕಣ್ಣು ನಿಮ್ಮ ಹಿಂದೆ ಬರುತ್ತವೆ.

ಪ್ರವೇಶ ಗೀತೆ ಶುರುವಾದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ, ಶಿಲುಬೆ ಹಿಡಿದ ಪೀಠಬಾಲಕರು, ಹಿಂದೆ ಫಾದರ್ ನಡೆದು ಬರುತ್ತಾರೆ. ಇಲ್ಲಿ ಧಾರಾಳವಾಗಿ ತೆಗೆಯಿರಿ. ಮೆರವಣಿಗೆಯ ಎದುರು ಹಿಮ್ಮುಖ ನಡೆಯುತ್ತಾ ಮಾತ್ರ ಬೇಡ. ನಡುದಾರಿಯ ಪಕ್ಕಕ್ಕೆ ಸರಿದು ನಿಂತು ಹಾದುಹೋಗಲು ಬಿಡಿ. ಬೈಬಲ್ ವಾಚನಗಳಿಗೆ ಜನ ಕೂರುತ್ತಾರೆ. ಆಗ ನೀವು ಕಂಬದ ಪಕ್ಕ ನಿಂತಲ್ಲೇ ನಿಲ್ಲಿ. ಓದುವವರ ಒಂದು ಚಿತ್ರ ಸಾಕು. ಶುಭಸಂದೇಶಕ್ಕೆ (ಯೇಸುವಿನ ಕುರಿತ ಬೈಬಲ್ ಭಾಗದ ಓದು) ಮುಂಚೆ ಅಲ್ಲೆಲೂಯ ಹಾಡುತ್ತಾ ಮತ್ತೆ ಏಳುತ್ತಾರೆ, ಜಾಗ ಬದಲಿಸಬೇಕಿದ್ದರೆ ಅದೇ ಹೊತ್ತು. ಪ್ರಬೋಧನೆಯ (ಫಾದರ್ ಉಪದೇಶ) ಹೊತ್ತಿಗೆ ಕ್ಯಾಮೆರಾಕ್ಕೆ ವಿಶ್ರಾಂತಿ ಕೊಡಿ. ನಿಮಗೂ ಕೂರಲು ಅದೇ ಸಮಯ.

ಮದುವೆಯಾದರೆ ಪ್ರಬೋಧನೆ ಮುಗಿದ ಕೂಡಲೇ ವಿವಾಹ ವಿಧಿ. ವಧೂವರರು ಎದುರುಬದುರು ನಿಂತು ಒಪ್ಪಿಗೆ ನುಡಿಯುತ್ತಾರೆ. ಮದುವೆ ಆಗುವುದೇ ಆ ಮಾತಿನಲ್ಲಿ. ಅಪ್ಪ ಅಮ್ಮ ಮೊದಲ ಬೆಂಚಿನಲ್ಲಿ ಕೂತಿರುತ್ತಾರೆ. ನೀವು ಬಲಿಪೀಠದ ಮುಂದೆ ನಡುದಾರಿಗೆ ಬಂದರೆ ಮಗಳ ಮುಖ ಅವರಿಗೆ ಕಾಣದು. ಹಾಗಾಗಿ ಮೊದಲ ಬೆಂಚಿನ ಸಾಲಿನ ಹೊರ ಅಂಚಿನಲ್ಲಿ, ಗೋಡೆಯ ಕಡೆ ನಿಲ್ಲಿ, ಓರೆಯಾಗಿ 85 ಎಂಎಂನಲ್ಲಿ ನೋಡಿ. ಒಬ್ಬರ ಮುಖ ಪೂರ್ತಿ, ಇನ್ನೊಬ್ಬರದು ಅರ್ಧ ಸಿಗುತ್ತದೆ, ನಡುವೆ ಹಿಡಿದ ಕೈ. ಉಂಗುರಕ್ಕೆ, ತಾಳಿಯ ವಾಡಿಕೆ ಇದ್ದಲ್ಲಿ ತಾಳಿಗೆ, ಎರಡು ಹೆಜ್ಜೆ ಮುಂದೆ ಬರಲು ಫಾದರ್ ಒಪ್ಪಿದ್ದರೆ ಬನ್ನಿ, ತೆಗೆಯಿರಿ, ಹಿಂದೆ ಹೋಗಿ. "ಇನ್ನೊಂದ್ಸಲ ಹಾಕಿ ಸರ್, ಈ ಕಡೆ ನೋಡಿ ಮೇಡಂ" ಅನ್ನುವ ಮಾತು ಚರ್ಚ್‌ನೊಳಗೆ ಬಾಯಿಂದ ಬರಕೂಡದು. ಸಂಸ್ಕಾರವನ್ನು ಫೋಟೋಗಾಗಿ ಮತ್ತೊಮ್ಮೆ ಮಾಡುವಂತಿಲ್ಲ. ತಪ್ಪಿಹೋದರೆ ತಪ್ಪಿಹೋಯಿತು. ಕೊನೆಗೆ ರಿಜಿಸ್ಟರ್‌ಗೆ ಸಹಿ ಹಾಕುವಾಗಲೂ ಅಷ್ಟೇ. ಹಿನ್ನೆಲೆ ಚೆನ್ನಾಗಿದೆ ಅಂತ ಪುಸ್ತಕವನ್ನು ಬಲಿಪೀಠದ ಮೇಲೆ ಇಡಿಸಬೇಡಿ, ಅಲ್ಲಿ ಸಹಿ ಮಾಡುವುದು ನಿಯಮಕ್ಕೆ ವಿರುದ್ಧ. ಪಕ್ಕದಲ್ಲಿ ಮೇಜು ಇರುತ್ತದೆ.

ಅರ್ಪಣೆಯ ಹಾಡಿನಲ್ಲಿ ರೊಟ್ಟಿ, ದ್ರಾಕ್ಷಾರಸ, ಹೂವು, ಹಣ್ಣು ಹಿಡಿದು ಜನ ಮುಂದೆ ಬರುತ್ತಾರೆ. ತೋಟದ ಕಡೆಯಾದರೆ ಕಾಫಿ, ಮೆಣಸು, ಭತ್ತದ ತೆನೆ ತಂದು ಒಪ್ಪಿಸುವುದನ್ನೂ ನೋಡಿದ್ದೇನೆ. ನನಗೆ ಇಡೀ ಪೂಜೆಯಲ್ಲಿ ಅತಿ ಪ್ರಿಯವಾದ ಚಿತ್ರ ಇಲ್ಲೇ ಸಿಗುವುದು: ಬಿಸಿಲಲ್ಲಿ ಕಪ್ಪಾದ ಕೈಗಳು ಬಿಳಿ ಬಟ್ಟೆ ಹೊದಿಸಿದ ತಟ್ಟೆ ಹಿಡಿದಿರುವುದು. ಮನಸ್ಸಿಟ್ಟು ತೆಗೆಯಿರಿ.

ಅದಾದ ಮೇಲೆ ನಿಧಾನಿಸಿ. "ಪವಿತ್ರರು" ಹಾಡು ಮುಗಿದು ಜನ ಮೊಣಕಾಲೂರಿದರು ಅಂದರೆ ಕ್ಯಾಮೆರಾ ಕೆಳಗೆ. ನಾನು ಅಂದು ಫ್ಲ್ಯಾಶ್ ಹೊಡೆದದ್ದು ಇಲ್ಲೇ. ರೊಟ್ಟಿ, ದ್ರಾಕ್ಷಾರಸ ಕ್ರಿಸ್ತನ ಶರೀರ, ರಕ್ತ ಆಗುತ್ತದೆ ಎಂದು ಅವರು ನಂಬುವ ಗಳಿಗೆ ಅದು. ಕೆಲವು ಫಾದರ್‌ಗಳು ಹಿಂದಿನಿಂದ ಸದ್ದಿಲ್ಲದೆ ಒಂದು ಚಿತ್ರಕ್ಕೆ ಒಪ್ಪುತ್ತಾರೆ. ಒಪ್ಪಿದರೂ ನಾನು ತೆಗೆಯುವುದಿಲ್ಲ, ಇದು ನನ್ನ ಸ್ವಂತ ನಿರ್ಧಾರ. 2017ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಈ ಬಗ್ಗೆ ನೊಂದು ಮಾತಾಡಿದ್ದರು. ಗುರುಗಳು ಹೃದಯವನ್ನು ಮೇಲೆತ್ತಿ ಅನ್ನುತ್ತಾರೆ, ಮೊಬೈಲ್ ಮೇಲೆತ್ತಿ ಅನ್ನುವುದಿಲ್ಲ, ಪೂಜೆ ಪ್ರದರ್ಶನವಲ್ಲ ಎಂಬುದು ಅವರ ಮಾತಿನ ಸಾರ. ಫೋನ್ ಎತ್ತುವವರಲ್ಲಿ ಗುರುಗಳು, ಬಿಷಪ್‌ಗಳೂ ಇದ್ದಾರೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದರು.

ಪರಮಪ್ರಸಾದಕ್ಕೆ ಸಾಲು ನಿಂತಾಗ ಬಾಯಿ ತೆರೆದ, ನಾಲಿಗೆ ಚಾಚಿದ ಮುಖಗಳನ್ನು ಹತ್ತಿರದಿಂದ ತೆಗೆಯಬೇಡಿ. ಅಂಥ ಚಿತ್ರ ಯಾರಿಗೂ ಬೇಡ, ತೆಗೆಸಿಕೊಂಡವರಿಗಂತೂ ಬೇಡವೇ ಬೇಡ. ನೀವು ಕಥೋಲಿಕರಲ್ಲದಿದ್ದರೆ ಸಾಲಿಗೆ ಸೇರಿ ಪ್ರಸಾದ ತೆಗೆದುಕೊಳ್ಳಬೇಡಿ. ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಕೊಡುವುದಲ್ಲ ಅದು. ಪಕ್ಕಕ್ಕೆ ನಿಂತಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸಾಲು ಮುಗಿದು ಎಲ್ಲರೂ ಸುಮ್ಮನೆ ಕೂತ ಮೇಲೆ ಬ್ಯಾಗಿನ ಜಿಪ್ ಎಳೆಯುವುದನ್ನೂ ತಡೆದುಕೊಳ್ಳಿ. ಕೊನೆಯ ಆಶೀರ್ವಾದ, ಕೊನೆಯ ಹಾಡು ಬಂದಾಗ ನೀವು ಮತ್ತೆ ಸ್ವತಂತ್ರರು.

ಬೇರೆ ಬೇರೆ ಸಂದರ್ಭ

ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ) ಮಗುವಿನ ತಲೆಗೆ ನೀರು ಮೂರು ಸಲ ಬೀಳುತ್ತದೆ. ಮೊದಲ ಸಲ ನೋಡಿಕೊಳ್ಳಿ, ಎರಡನೇ ಸಲ ತೆಗೆಯಿರಿ, ಮೂರನೆಯದು ಕೈತಪ್ಪಿದರೆಂದು ಇರಲಿ. ತೊಟ್ಟಿಯ ಸುತ್ತ ತಂದೆತಾಯಿ, ಜ್ಞಾನ ತಂದೆತಾಯಿ (ಗಾಡ್ ಪೇರೆಂಟ್ಸ್) ನಿಲ್ಲಬೇಕು, ಅವರನ್ನು ಸರಿಸಿ ನೀವು ನಿಲ್ಲಬೇಡಿ. ಹಸುಗೂಸಿನ ಕಣ್ಣಿಗೆ ಹತ್ತಿರದಿಂದ ಫ್ಲ್ಯಾಶ್ ಬೇಡ.

ಪ್ರಥಮ ಪರಮಪ್ರಸಾದದ ದಿನ ಬಿಳಿ ಬಟ್ಟೆ ತೊಟ್ಟ ಮಕ್ಕಳ ಎದುರು ಅಪ್ಪಂದಿರ ಮೊಬೈಲ್‌ಗಳ ಗೋಡೆಯೇ ಏಳುತ್ತದೆ. ಇದಕ್ಕೆ ನಾನು ಕಂಡ ಒಳ್ಳೆಯ ದಾರಿ: ಚರ್ಚ್‌ನವರೇ ಒಬ್ಬ ಫೋಟೋಗ್ರಾಫರ್‌ನನ್ನು ಗೊತ್ತುಮಾಡಿ, ಪ್ರತಿ ಮಗುವಿಗೂ ಒಂದೊಂದು ಚಿತ್ರ ಖಚಿತ ಎಂದು ಮೊದಲೇ ಹೇಳಿಬಿಡುವುದು. ಚಿತ್ರ ಸಿಗುತ್ತದೆ ಎಂಬ ಭರವಸೆ ಇದ್ದರೆ ಅಪ್ಪಂದಿರೂ ಫೋನ್ ಜೇಬಿಗಿಟ್ಟು ಮಗುವನ್ನೇ ನೋಡುತ್ತಾರೆ.

ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. ಪಾಸ್ಕ ಜಾಗರಣೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆ) ಶುರುವಾಗುವುದು ಕತ್ತಲಲ್ಲಿ. ಹೊಸ ಬೆಂಕಿಯಿಂದ ಒಂದು ದೊಡ್ಡ ಮೇಣದಬತ್ತಿ, ಅದರಿಂದ ಜನರ ಕೈಯ ಬತ್ತಿಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಅಲ್ಲಿ ಒಂದು ಫೋನಿನ ಪರದೆ ಬೆಳಗಿದರೂ ಆ ಕತ್ತಲು ಕೆಡುತ್ತದೆ. ಕ್ಯಾಮೆರಾದ ಹಿಂದಿನ ಪರದೆಯನ್ನೂ ಆರಿಸಿ, ಕಿಂಡಿಯಲ್ಲೇ ನೋಡಿ. ಪಾಪನಿವೇದನೆಯ (ಗುರುಗಳ ಬಳಿ ಗುಟ್ಟಾಗಿ ತಪ್ಪು ಹೇಳಿಕೊಳ್ಳುವುದು) ಕಡೆಗೆ ಲೆನ್ಸ್ ತಿರುಗಿಸಲೇಬೇಡಿ, ದೂರದಿಂದ ಬರೀ ಬೆನ್ನು ಕಂಡರೂ ಬೇಡ. ಸಾವಿನ ಪೂಜೆಗೆ ಮನೆಯವರೇ ಕರೆದಿದ್ದರೆ ಮಾತ್ರ ಹೋಗಿ, ಹಿಂದಿನಿಂದ ತೆಗೆಯಿರಿ.

ಕ್ರಿಸ್‌ಮಸ್ ಸಂಜೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ನೋಡಲು ಎಲ್ಲ ಧರ್ಮದವರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬರಬೇಕು, ಅದು ನಮ್ಮೂರಿನ ಚೆಂದ. ಗೋದಲಿಯ ಮುಂದೆ ಎಷ್ಟು ಬೇಕಾದರೂ ಸೆಲ್ಫಿ ತೆಗೆದುಕೊಳ್ಳಿ, ಒಳಗೆ ಪೂಜೆ ನಡೆಯುತ್ತಿದ್ದರೆ ಹೊರಗೇ ಕಾಯಿರಿ.

ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರೊಟೆಸ್ಟಂಟ್ ಸಭೆಗಳಲ್ಲಿ ಆರಾಧನೆಯ ಕ್ರಮ ಬೇರೆ, ಅಲ್ಲಿ ಸಭಾಪಾಲಕರನ್ನು ಕೇಳಿ. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, ಕರ್ತನ ಭೋಜನದ ಹೊತ್ತಿನಲ್ಲಿ ಕ್ಯಾಮೆರಾ ಇಳಿಸುವುದು ಅಲ್ಲಿಗೂ ಸಲ್ಲುತ್ತದೆ.

ಮುಗಿದ ಮೇಲೆ

ಗುಂಪು ಫೋಟೋಕ್ಕೆ ಫಾದರ್ ಕೊಟ್ಟದ್ದು ಇಪ್ಪತ್ತು ನಿಮಿಷವಾದರೆ ಹದಿನೆಂಟಕ್ಕೆ ಮುಗಿಸಿ. ಮೊದಲು ಅಜ್ಜ ಅಜ್ಜಿಯರ ಜೊತೆಗಿನ ಚಿತ್ರ ತೆಗೆದು ಅವರನ್ನು ಕೂರಲು ಬಿಡಿ, ಗೆಳೆಯರ ಗುಂಪು ಹೊರಗೆ ಮೆಟ್ಟಿಲ ಮೇಲೂ ನಿಲ್ಲಬಹುದು. ಜೋಡಿ ಮುತ್ತಿಡುವ, ಎತ್ತಿಕೊಳ್ಳುವ ಭಂಗಿಗಳು ಬಲಿಪೀಠದ ಮುಂದೆ ಬೇಡ. ಶೆಟ್ಟಿಹಳ್ಳಿಯಲ್ಲಿ ಆಗಲೇ ತೆಗೆದಿರುತ್ತೀರಿ, ಇಲ್ಲಾ ಸಂಜೆ ತೋಟದಲ್ಲಿ ತೆಗೆಯಬಹುದು.

ಚಿತ್ರಗಳನ್ನು ಹಾಕುವ ಮುಂಚೆ ಒಮ್ಮೆ ಕೂತು ಆರಿಸಿ. ಅಳುತ್ತಿರುವವರು, ಪ್ರಸಾದ ತೆಗೆದುಕೊಳ್ಳುತ್ತಿರುವವರು, ಬೇರೆಯವರ ಮಕ್ಕಳು ಇರುವ ಚಿತ್ರಗಳನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಮಕ್ಕಳದಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ನೇರ ಪ್ರಸಾರಕ್ಕೆ ಫಾದರ್‌ರ ಒಪ್ಪಿಗೆ ಪ್ರತ್ಯೇಕವಾಗಿ ಕೇಳಿ, ಫೋಟೋಕ್ಕೆ ಹೂಂ ಅಂದಿದ್ದು ಅದಕ್ಕೆ ಲೆಕ್ಕವಲ್ಲ.

ಹೊರಡುವ ಮುಂಚೆ ನೆಲಕ್ಕೆ ಅಂಟಿಸಿದ ಟೇಪ್ ಕಿತ್ತುಕೊಳ್ಳಿ, ಸರಿಸಿದ ಬೆಂಚು ಇದ್ದಲ್ಲಿಗೆ ಇಡಿ, ಹೂವಿನ ಎಸಳು ಗುಡಿಸಲು ಒಂದು ಕೈ ಕೊಡಿ. ಸಂಜೆ ಅದೇ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂರಲು ಜನ ಬರುತ್ತಾರೆ. ವಾರದೊಳಗೆ ಚರ್ಚ್‌ಗೆ ನಾಲ್ಕು ಒಳ್ಳೆಯ ಚಿತ್ರ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟು ಬನ್ನಿ. ನಾನು ಆ ಕಾಫಿ ತೋಟದ ಚರ್ಚ್‌ಗೆ ಹಾಗೆ ಕೊಟ್ಟದ್ದು ಅರ್ಪಣೆಯ ಮೆರವಣಿಗೆಯದು. ಕಚೇರಿ ಗೋಡೆಗೆ ಹಾಕಿದ್ದಾರೆ. ಅದರಲ್ಲಿ ತಟ್ಟೆ ಹಿಡಿದು ಮುಂದೆ ನಡೆಯುತ್ತಿರುವುದು ಅದೇ ಅಜ್ಜಿ.